ಮಲ್ಲಿಗೆ ದಂಡೆ ನೀಲಿಯಾಗುವುದೇಕೆ?

ಪ್ರಶ್ನೆ: ಗಮ್ ಬೈಕ್ರೋಮೇಟ್ ಪ್ರಿಂಟಿಂಗ್ ಕಲಿಯುತ್ತಿದ್ದೇನೆ (ಗೋಂದು, ಬಣ್ಣ, ಡೈಕ್ರೋಮೇಟ್ ಎಂಬ ರಾಸಾಯನಿಕ ಬೆರೆಸಿ ಕಾಗದಕ್ಕೆ ಬಳಿದು ನೆಗೆಟಿವ್ ಇಟ್ಟು ಬಿಸಿಲಿಗೆ ಹಿಡಿಯುವುದು; ಬೆಳಕು ಬಿದ್ದಲ್ಲಿ ಗೋಂದು ಗಟ್ಟಿಯಾಗಿ ಬಣ್ಣ ಉಳಿಯುತ್ತದೆ, ಮಿಕ್ಕದ್ದು ನೀರಲ್ಲಿ ತೊಳೆದುಹೋಗುತ್ತದೆ). ಮಾಟುಂಗದ ಹೂವಿನಂಗಡಿಯ ಫೋಟೋ ಪ್ರಿಂಟ್ ಮಾಡಿದರೆ ಮಲ್ಲಿಗೆ ದಂಡೆಯೂ ನೀಲಿಗಟ್ಟಿ ನಿಲ್ಲುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಬಣ್ಣ ಬದಲಿಸಬೇಕೇ?
– ಓದುಗರು, ಮುಂಬಯಿ

ಉತ್ತರ: ಹೊಸ ಟ್ಯೂಬಿಗೆ ದುಡ್ಡು ಹಾಕುವ ಮೊದಲು ಒಂದು ರೂಪಾಯಿ ನಾಣ್ಯ ಸಾಕು. ಅದೇ ಮಿಶ್ರಣವನ್ನು ಅದೇ ಕಾಗದದ ತುಂಡಿಗೆ ಬಳಿದು, ಫ್ಯಾನಿನಡಿ ಒಣಗಿಸಿ, ಒಂದು ಮೂಲೆಗೆ ನಾಣ್ಯ ಇಟ್ಟು, ಉಳಿದದ್ದರ ಮೇಲೆ ನೆಗೆಟಿವ್ ಇಟ್ಟು ಕೂಡಲೇ ಬಿಸಿಲಿಗೆ ಹಿಡಿಯಿರಿ. ಆಮೇಲೆ ತೊಳೆದು ನೋಡಿ. ನಾಣ್ಯದಡಿ ಬೆಳ್ಳಗಾಗಿ ಮಲ್ಲಿಗೆ ಮಾತ್ರ ನೀಲಿಯಾಗಿದ್ದರೆ ಬಿಸಿಲು ಹೆಚ್ಚಾಗಿದೆ, ಇಲ್ಲವೇ ನೆಗೆಟಿವ್‌ನಲ್ಲಿ ಬೆಳಕು ತಡೆಯುವಷ್ಟು ಕಪ್ಪಿಲ್ಲ. ಎರಡೂ ಬೆಳ್ಳಗಾದರೆ, ಹಿಂದಿನ ಸಲ ಬಳಿದ ಕಾಗದವನ್ನು ನೀವು ಕೂಡಲೇ ಬಳಸದೆ ಹಾಗೇ ಇಟ್ಟುಬಿಟ್ಟಿದ್ದಿರಿ ಎಂದರ್ಥ. ನಾಣ್ಯದಡಿಯೂ ನೀಲಿ ಉಳಿದರೆ ಮಾತ್ರ ಅದು ಬಣ್ಣ ಕಾಗದಕ್ಕೇ ಹಿಡಿದ ನಿಜವಾದ ಕಲೆ.

ಹಾಗೆ ಬಳಿದಿಡುವ ತಪ್ಪನ್ನು ನಾನೂ ಮಾಡಿದ್ದೇನೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ಒಂದು ಜುಲೈ ರಾತ್ರಿ ಕಾಗದ ಬಳಿದು ಕಪಾಟಿನಲ್ಲಿಟ್ಟು, ಬೆಳಿಗ್ಗೆ ಎಕ್ಸ್‌ಪೋಸ್ ಮಾಡಿದೆ. ಇಡೀ ಹಾಳೆ ಗಟ್ಟಿಯಾಗಿ ಕೂತಿತ್ತು. ಡೈಕ್ರೋಮೇಟ್ ಬೆರೆತ ಗೋಂದು ಕತ್ತಲಲ್ಲೂ ನಿಧಾನವಾಗಿ ಗಟ್ಟಿಯಾಗುತ್ತಲೇ ಇರುತ್ತದೆ. ಸೆಕೆ, ತೇವ ಎರಡೂ ಅದಕ್ಕೆ ಕುಮ್ಮಕ್ಕು. ಮುಂಬಯಿಯ ಮಳೆಗಾಲದಲ್ಲಿ ಎರಡಕ್ಕೂ ಬರವಿಲ್ಲವಲ್ಲ!

ನಿಜವಾದ ಕಲೆಯಾದರೆ ಕಾಗದವನ್ನೇ ಮೊದಲು ಅನುಮಾನಿಸಿ. ಗಂಜಿ ಹಾಕದ ಪಂಚೆಗೆ ಅರಿಶಿನ ಬಿದ್ದಂತೆ, ಸೈಜಿಂಗ್ (ನಾರಿನ ಸಂದು ಮುಚ್ಚುವ ಅಂಟಿನ ಲೇಪ) ಇಲ್ಲದ ಕಾಗದದ ನಾರಿನೊಳಗೆ ಬಣ್ಣದ ಕಣ ಇಳಿದುಬಿಡುತ್ತದೆ. ಕಾಗದವನ್ನು ಬಿಸಿನೀರಲ್ಲಿ ನೆನೆಸಿ ಒಣಗಿಸಿ, ಶೇ. 3ರ ಜೆಲಟಿನ್ ಬಳಿದು, ಗ್ಲುಟರಾಲ್ಡಿಹೈಡ್‌ನಿಂದ ಗಟ್ಟಿ ಮಾಡಿ. ಅದರ ಘಾಟು ಒಳ್ಳೆಯದಲ್ಲ, ಕಿಟಕಿ ತೆರೆದಿರಲಿ.

ಇನ್ನು ಬಣ್ಣ. ಟ್ಯೂಬಿನ ಹೆಸರಿಗೆ ಮರುಳಾಗದೆ ಅದರ ಮೇಲಿನ ಪಿಗ್ಮೆಂಟ್ ಸಂಖ್ಯೆ ಓದಿ. ನೀಲಿ ಎಂದರೆ ಪಿಬಿ15 ಇರಬಹುದು, ಪಿಬಿ29 ಇರಬಹುದು. ಮೊದಲನೆಯದು ಥ್ಯಾಲೋ: ಸಾಸಿವೆಯಷ್ಟು ಹಾಕಿದರೂ ಬಟ್ಟಲು ತುಂಬ ನೀಲಿ. ಎರಡನೆಯದು ಅಲ್ಟ್ರಾಮರೀನ್, ಅಷ್ಟು ಜೋರಿಲ್ಲ. ಹಾಗಾಗಿ ಎರಡಕ್ಕೂ ಒಂದೇ ಅಳತೆ ನಡೆಯದು. ನಾನು 10 ಮಿಲಿ ಗೋಂದಿಗೆ ಅಲ್ಟ್ರಾಮರೀನ್ 1 ಗ್ರಾಂ ಹಾಕಿದರೆ, ಥ್ಯಾಲೋವನ್ನು ಕಾಲು ಗ್ರಾಮಿನಿಂದ ಶುರು ಮಾಡುತ್ತೇನೆ. ಬೆರಳಂದಾಜು ಬೇಡ, ತಕ್ಕಡಿ ಇಟ್ಟುಕೊಳ್ಳಿ. ಬಣ್ಣಕ್ಕೆ ಗೋಂದನ್ನು ಹನಿಹನಿಯಾಗಿ ಬಿಡುತ್ತ ಬ್ರಷ್‌ನಿಂದ ಪಿಂಗಾಣಿ ತಟ್ಟೆಯಲ್ಲಿ ತಿಕ್ಕಿ. ಗಂಟು ಉಳಿದರೆ ಅಲ್ಲಲ್ಲೇ ಚುಕ್ಕೆ ಹಿಡಿಯುತ್ತದೆ. ಡೈಕ್ರೋಮೇಟ್ ದ್ರಾವಣ ಗೋಂದಿನಷ್ಟೇ ಅಳತೆ, ಕೊನೆಗೆ, ಆ ಹೊತ್ತಿಗೆ ಬೇಕಾದಷ್ಟು ಮಾತ್ರ.

ಗೋಂದಿನ ವಿಷಯ ಬಂತು: ಅಂಟಿನುಂಡೆಗೆ ತರುವ ಡಿಂಕ ಸಾಲದು. ಕಿರಾಣಿ ಅಂಗಡಿಯಲ್ಲಿ ಅದು ಯಾವ ಮರದ್ದೋ ಅಂಗಡಿಯವರಿಗೂ ಗೊತ್ತಿರುವುದಿಲ್ಲ, ಕೆಲವು ಕರಗದೆ ಬರೀ ಉಬ್ಬುತ್ತವೆ. ಗಮ್ ಅರೇಬಿಕ್ ಎಂದೇ ಕೇಳಿ ತನ್ನಿ. ಒಂದು ಪಾಲಿಗೆ ತೂಕದಲ್ಲಿ ಎರಡು ಪಾಲು ನೀರು.

ನೀಲಿಯ ಬದಲು ಹಳದಿ-ಕಂದು ಛಾಯೆ ಕಂಡರೆ ಅದು ಡೈಕ್ರೋಮೇಟ್ ಉಳಿಕೆ. ಪ್ರಿಂಟ್ ಒಣಗಿದ ಮೇಲೆ ಶೇ. 1ರ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್‌ನಲ್ಲಿ ಕೆಲವು ನಿಮಿಷ ಅದ್ದಿ ತೊಳೆದರೆ ಹೋಗುತ್ತದೆ. ಡೈಕ್ರೋಮೇಟ್ ಕ್ಯಾನ್ಸರ್‌ಕಾರಕ. ಕೈಗವಸು ಹಾಕಿಯೇ ಮುಟ್ಟಿ, ಅಡುಗೆಮನೆ ಪಾತ್ರೆ ಬಳಸಬೇಡಿ, ಮೋರಿಗೆ ಚೆಲ್ಲಬೇಡಿ.

ಬಣ್ಣ ಕಡಿಮೆ ಮಾಡಿದಾಗ ಮೊದಲ ಲೇಪ ತೊಳೆದ ಮೇಲೆ ಹೂವಿನಂಗಡಿ ಮಂಜಿನಲ್ಲಿ ನಿಂತಂತೆ ಪೇಲವವಾಗಿ ಕಾಣುತ್ತದೆ. ಕೆಟ್ಟಿತೆಂದು ಎಸೆಯಬೇಡಿ. ಒಣಗಿಸಿ, ನೆಗೆಟಿವನ್ನು ಅದೇ ಗುರುತಿಗೆ ಕೂರಿಸಿ, ಮತ್ತೆರಡು ಲೇಪ ಕೊಡಿ.