ಉಸಿರಾಡಲು ಕಲಿಯುವುದು ಹೊಟ್ಟೆಯೊಳಗೇ

ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ ಅಂತ ಹಿರಿಯರು ಹೇಳುವುದನ್ನು ಕೇಳಿರುತ್ತೀರಿ. ಹಳೆಯ ಗ್ರೀಕ್ ವೈದ್ಯರೂ ಹೀಗೇ ನಂಬಿದ್ದರು. ಇದು ನಿಜವಲ್ಲ. ಹೊಟ್ಟೆಯೊಳಗೆ ಸಿಗುವ ಒಂದೊಂದು ವಾರವೂ ಮಗುವಿಗೆ ಲಾಭವೇ, ಅದರಲ್ಲೂ ಶ್ವಾಸಕೋಶಕ್ಕೆ.

ಹೃದಯ ಬಲು ಬೇಗ ಕೆಲಸಕ್ಕೆ ಇಳಿಯುತ್ತದೆ. ಗರ್ಭ ಕಟ್ಟಿದ ಸುಮಾರು 22ನೇ ದಿನಕ್ಕೇ ಮಿಡಿಯಲು ಶುರು. ಎಷ್ಟೋ ತಾಯಂದಿರಿಗೆ ಆಗಿನ್ನೂ ಬಸುರಿ ಅನ್ನುವುದೇ ಗೊತ್ತಿರುವುದಿಲ್ಲ. ಶ್ವಾಸಕೋಶ ಮೂಡುವುದು ಅದರ ಹಿಂದೆಯೇ, ಆದರೆ ಬಳಕೆಗೆ ಬರಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಆಮ್ಲಜನಕ ಬರುವುದು ತಾಯಿಯ ರಕ್ತದಿಂದ, ಮಾಸು ಮತ್ತು ಹೊಕ್ಕುಳಬಳ್ಳಿಯ ಮೂಲಕ. ಮಗುವಿನ ಹೃದಯದೊಳಗೆ ಒಂದು ಕಿಂಡಿ, ಹೊರಗೆ ಒಂದು ಅಡ್ಡನಾಳ ಇರುತ್ತದೆ. ಹೆಚ್ಚಿನ ರಕ್ತ ಶ್ವಾಸಕೋಶಕ್ಕೆ ಹೋಗದೆ ಈ ಎರಡು ಒಳದಾರಿಗಳಲ್ಲೇ ಸಾಗುತ್ತದೆ.

ಹಾಗಂತ ಶ್ವಾಸಕೋಶ ಸುಮ್ನೆ ಕೂತಿರುವುದಿಲ್ಲ. ಮೂರು ತಿಂಗಳು ತುಂಬುವ ಹೊತ್ತಿಗೇ ಮಗುವಿನ ಎದೆ ಏರಿಳಿಯತೊಡಗುತ್ತದೆ. ಗಾಳಿ ಇಲ್ಲ, ಬರೀ ನೀರು. ಆದರೂ ಈ ಅಭ್ಯಾಸ ಬೇಕೇ ಬೇಕು. ಸುತ್ತಲಿನ ಗರ್ಭನೀರು ಬಹಳ ಮುಂಚೆಯೇ ತೀರಾ ಕಡಿಮೆಯಾದರೆ ಶ್ವಾಸಕೋಶ ಸರಿಯಾಗಿ ಬೆಳೆಯದೆ ಸಣ್ಣದಾಗಿಯೇ ಉಳಿಯಬಹುದು.

ಕೊನೆಗೆ ಸಿದ್ಧವಾಗುವುದು ಒಂದು ಜಿಡ್ಡು. ಶ್ವಾಸಕೋಶದ ಪುಟ್ಟ ಗಾಳಿಗೂಡುಗಳ ಒಳಗೋಡೆ ಯಾವಾಗಲೂ ತೇವ. ಒದ್ದೆಯಾದ ಪ್ಲಾಸ್ಟಿಕ್ ಕವರಿನ ಎರಡು ಬದಿ ಅಂಟಿಕೊಂಡರೆ ಬಿಡಿಸುವುದು ಎಷ್ಟು ಕಷ್ಟ ಅಲ್ವಾ? ಪ್ರತಿ ಉಸಿರು ಬಿಟ್ಟಾಗಲೂ ಗಾಳಿಗೂಡುಗಳು ಹಾಗೇ ಮುಚ್ಚಿಕೊಳ್ಳಲು ನೋಡುತ್ತವೆ. ತಡೆಯುವುದು ಸರ್ಫ್ಯಾಕ್ಟಂಟ್ ಎಂಬ ಈ ಜಿಡ್ಡು. ಸುಮಾರು 24ನೇ ವಾರದಲ್ಲಿ ಚೂರುಚೂರೇ ತಯಾರಾಗತೊಡಗುತ್ತದೆ. ಸಾಕಷ್ಟು ಆಗುವುದು 34–35 ವಾರಗಳ ಹೊತ್ತಿಗೆ.

ಅವಧಿಗೆ ಮುಂಚೆ ಹುಟ್ಟಿದ ಮಕ್ಕಳು ಉಸಿರಿಗಾಗಿ ಒದ್ದಾಡಲು ಇದರ ಕೊರತೆಯೇ ಕಾರಣ ಎಂದು 1959ರಲ್ಲಿ ಅಮೆರಿಕದ ವೈದ್ಯೆ ಮೇರಿ ಎಲೆನ್ ಏವರಿ ತೋರಿಸಿದರು. ಕಾರಣ ಸಿಕ್ಕಿತು, ಮದ್ದು ಸಿಗಲಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿ, ಎರಡು ದಿನ ತುಂಬುವ ಮೊದಲೇ ಇದೇ ತೊಂದರೆಯಿಂದ ತೀರಿಕೊಂಡ.

ದಾರಿ ತೋರಿಸಿದ್ದು ಒಂದು ಕುರಿಮರಿ. ನ್ಯೂಜಿಲೆಂಡಿನ ವೈದ್ಯ ಗ್ರಹಾಂ ಲಿಗಿನ್ಸ್ ಹೆರಿಗೆ ಹೇಗೆ ಶುರುವಾಗುತ್ತದೆ ಎಂದು ಕುರಿಗಳಲ್ಲಿ ಪರೀಕ್ಷೆ ಮಾಡುತ್ತಿದ್ದರು. ಹೊಟ್ಟೆಯಲ್ಲಿದ್ದಾಗ ಸ್ಟೀರಾಯ್ಡ್ ಪಡೆದ ಮರಿಯೊಂದು ತೀರಾ ಬೇಗ ಹುಟ್ಟಿತು. ಅಷ್ಟು ಎಳೆಯ ಮರಿ ಉಸಿರಾಡುವ ಮಾತೇ ಇರಲಿಲ್ಲ. ಅದು ಉಸಿರಾಡುತ್ತಿತ್ತು! ಸ್ಟೀರಾಯ್ಡ್ ಅದರ ಶ್ವಾಸಕೋಶವನ್ನು ಬೇಗ ಬಲಿಸಿತ್ತು. ಲಿಗಿನ್ಸ್ ಮತ್ತು ಮಕ್ಕಳ ವೈದ್ಯ ರಾಸ್ ಹೋವಿ ಇದನ್ನೇ ಗರ್ಭಿಣಿಯರಲ್ಲಿ ಪರೀಕ್ಷಿಸಿ 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಚುಚ್ಚುಮದ್ದು ತಾಯಿಗೆ, ಉಪಯೋಗ ಮಗುವಿಗೆ.

ಈ ಮದ್ದು ದುಬಾರಿಯಲ್ಲ. 24ರಿಂದ 34 ವಾರಗಳ ನಡುವೆ ಹೆರಿಗೆ ನೋವು ಕಾಣಿಸಿಕೊಂಡರೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡಬೇಕೆಂದು ಕೇಂದ್ರ ಸರ್ಕಾರ 2014ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ದೊಡ್ಡಾಸ್ಪತ್ರೆಗೆ ಕಳಿಸುವ ಮೊದಲು ಎಎನ್ಎಂ ಸಿಸ್ಟರ್ ಕೂಡ ಮೊದಲ ಡೋಸ್ ಕೊಡಬಹುದು. ಆದರೆ ಅದು ಚೆನ್ನಾಗಿ ಕೆಲಸ ಮಾಡಲು ಒಂದು ದಿನವಾದರೂ ಬೇಕು. ಅದಕ್ಕೇ ದಿನ ತುಂಬದೆ ನೋವು ಬಂದಾಗ "ಬೆಳಗ್ಗೆ ನೋಡೋಣ" ಅಂತ ಕಾಯುವುದು ಅಪಾಯ.

ದಿನ ಹತ್ತಿರವಾದ ಮೇಲೂ ಅವಸರ ಬೇಡ. ಶ್ವಾಸಕೋಶದಲ್ಲಿ ತುಂಬಿರುವ ನೀರನ್ನು ಹೀರಿಕೊಳ್ಳಲು ಹೆರಿಗೆ ನೋವಿನ ಹೊತ್ತಿನಲ್ಲಿ ಮಗುವಿನ ದೇಹದಲ್ಲಿ ಉಕ್ಕುವ ಹಾರ್ಮೋನುಗಳೇ ನೆರವಾಗುತ್ತವೆ. ನೋವು ಬರುವ ಮೊದಲೇ ಸಿಸೇರಿಯನ್ ಮಾಡಿದರೆ ಈ ನೆರವು ಸಿಗುವುದಿಲ್ಲ. ಒಳ್ಳೆಯ ನಕ್ಷತ್ರ ಅಂತ 37ನೇ ವಾರಕ್ಕೇ ಸಿಸೇರಿಯನ್‌ಗೆ ದಿನ ಗೊತ್ತು ಮಾಡುವವರಿದ್ದಾರೆ. 39ಕ್ಕೆ ಹೋಲಿಸಿದರೆ, 37ಕ್ಕೆ ಹೀಗೆ ಹೊರಬಂದ ಮಗುವಿಗೆ ಉಸಿರಾಟದ ತೊಂದರೆ ಬರುವ ಸಾಧ್ಯತೆ ಜಾಸ್ತಿ. ವೈದ್ಯಕೀಯ ಕಾರಣವಿಲ್ಲದಿದ್ದರೆ ಆ ಎರಡು ವಾರ ಮಗುವಿಗೇ ಬಿಟ್ಟುಕೊಡಿ.