ಗೈ ಫಾಕ್ಸ್‌ನ ಚಿತ್ರ: ಹಳೆಯ ಅಚ್ಚನ್ನು ಗುರುತಿಸುವುದು ಹೇಗೆ?

ಗೈ ಫಾಕ್ಸ್‌ನದೆಂದು ಮಾರಾಟಕ್ಕೆ ಬರುವ ಕೆತ್ತನೆ ಚಿತ್ರಗಳಲ್ಲಿ ಹಲವಕ್ಕೆ ಮೂಲ ಒಂದೇ: ಕ್ರಿಸ್ಪಿನ್ ಡಿ ಪಾಸ್ ತಾಮ್ರದ ತಗಡಿನಲ್ಲಿ ಕೊರೆದ ಗುಂಪುಚಿತ್ರ. 1605ರಲ್ಲಿ ಇಂಗ್ಲೆಂಡಿನ ಒಂದನೇ ಜೇಮ್ಸ್ ದೊರೆಯನ್ನು ಸಂಸತ್ತಿನ ಸಮೇತ ಸಿಡಿಸಲು 36 ಪೀಪಾಯಿ ಸಿಡಿಮದ್ದು ಕೂಡಿಟ್ಟ ಸಂಚಿನಲ್ಲಿ ಫಾಕ್ಸ್ ಸೇರಿ 13 ಮಂದಿ ಇದ್ದರು. ಚಿತ್ರದಲ್ಲಿರುವವರು ಎಂಟೇ ಜನ. ಪಾಸ್ ಆಗ ಇದ್ದದ್ದು ಜರ್ಮನಿಯ ಕಲೋನ್‌ನಲ್ಲಿ. ಮುಖಂಡ ಕೇಟ್ಸ್‌ಬಿ, ಪರ್ಸಿ, ರೈಟ್ ಸಹೋದರರು ನವೆಂಬರ್ 8ರಂದೇ ಹತರಾಗಿದ್ದರು. ಹಾಗಾಗಿ ಇವು ಎದುರಿಗೆ ಕೂರಿಸಿಕೊಂಡು ಬರೆದ ಮುಖಗಳೆಂದು ನಂಬಲು ಕಾರಣವಿಲ್ಲ. ಆದರೂ ಇದು ಅಮೂಲ್ಯ ದಾಖಲೆ. ಸುದ್ದಿ ಬಿಸಿಯಾಗಿದ್ದಾಗ ಯುರೋಪಿನ ಜನ ಕಂಡ ಸಂಚುಕೋರರು ಇವರೇ.

ಹಾಳೆ ಕೈಗೆ ಬಂದಾಗ ಮೊದಲು ಜನರ ಸಾಲು ನೋಡಿ. ಮೂಲದಲ್ಲಿ ಸೇವಕ ಬೇಟ್ಸ್ ಎಡತುದಿಯಲ್ಲಿ, ಥಾಮಸ್ ವಿಂಟರ್ ಬಲತುದಿಯಲ್ಲಿ. ಲ್ಯಾಟಿನ್ ಶೀರ್ಷಿಕೆ ಏಳು ಕುಲೀನರ ಸಭೆ ಎನ್ನುತ್ತದೆ; ಎಂಟನೆಯವನು ಈ ಬೇಟ್ಸ್. ಅವನು ಬಲಕ್ಕೆ ಬಂದಿದ್ದರೆ ಅದು ನಕಲು. ಅಚ್ಚಾದ ಹಾಳೆಯನ್ನು ನೋಡಿಕೊಂಡು ಹಾಗೇ ತಗಡಿಗೆ ಇಳಿಸಿದರೆ ಮುದ್ರಣದಲ್ಲಿ ಎಡಬಲ ತಿರುಗಿಬಿಡುತ್ತದೆ.

ಒಂಟಿ ಚಿತ್ರವಾದರೆ ಭುಜದ ಕೆಳಗೆ ಗಮನಿಸಿ. ಗುಂಪಿನಲ್ಲಿ ಫಾಕ್ಸ್ ಪರ್ಸಿ ಮತ್ತು ಕೇಟ್ಸ್‌ಬಿ ನಡುವೆ ಒತ್ತೊತ್ತಾಗಿ ನಿಂತಿದ್ದಾನೆ. ಅವನೊಬ್ಬನನ್ನೇ ಹೊರತೆಗೆದ ನಕಲುಗಾರ ಮರೆಯಾದ ಮೈಯನ್ನು ಊಹಿಸಿಯೇ ತುಂಬಬೇಕು. ಮುಖದಲ್ಲಿ ಗಟ್ಟಿಯಾಗಿದ್ದ ಗೆರೆ ಅಲ್ಲಿ ತಡವರಿಸುತ್ತದೆ.

ಆಮೇಲೆ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿಯಿರಿ. ಕೆತ್ತುವ ಉಳಿ ಕೊರೆದ ಗೆರೆ ಸಣ್ಣಗೆ ಶುರುವಾಗಿ, ನಡುವೆ ದಪ್ಪವಾಗಿ, ಮತ್ತೆ ಚೂಪಾಗಿ ಮುಗಿಯುತ್ತದೆ. ಆಸಿಡ್ ಕೊರೆದ ಗೆರೆಗಳ ತುದಿ ಮೊಂಡು. ಸಾಲುಸಾಲು ಚುಕ್ಕಿ ಕಂಡರೆ ಅದು ಫೋಟೊ ತೆಗೆದು ಅಚ್ಚು ಹಾಕಿದ್ದು. ಮುಂದೆ ನೋಡುವ ಅಗತ್ಯವಿಲ್ಲ. ಪಕ್ಕದಿಂದ ಬೆಳಕು ಬಿಟ್ಟಾಗ ದಟ್ಟ ಗೆರೆಗಳ ಮಸಿ ಕಾಗದಕ್ಕಿಂತ ಕೊಂಚ ಎದ್ದಿರಬೇಕು.

ಕಾಗದವನ್ನು ಬೆಳಕಿಗೆ ಎದುರು ಹಿಡಿದರೆ ಒತ್ತೊತ್ತಾದ ಸಣ್ಣ ತಂತಿಗೆರೆಗಳು, ಅವನ್ನು ಸುಮಾರು ಎರಡೂವರೆ ಸೆಂಟಿಮೀಟರಿಗೊಮ್ಮೆ ಅಡ್ಡಹಾಯುವ ಗೆರೆಗಳು ಕಾಣಬೇಕು. ಗೆರೆಯಿಲ್ಲದ ನುಣುಪು ಕಾಗದ ಯುರೋಪಿನಲ್ಲಿ ಬಳಕೆಗೆ ಬಂದದ್ದು 1750ರ ದಶಕದಲ್ಲಿ. ಆದರೆ ಗೆರೆಯಿದ್ದ ಮಾತ್ರಕ್ಕೆ ಹಾಳೆ ಹಳೆಯದೆಂದು ಒಪ್ಪಬೇಡಿ. ಅಂಥ ಕಾಗದ ಇಂದಿಗೂ ತಯಾರಾಗುತ್ತದೆ.

ಬಹಳ ಮಂದಿ ಎಡವುವುದು ತಗಡಿನ ಅಂಚು ಒತ್ತಿದ ಗುರುತಿನ ವಿಷಯದಲ್ಲಿ. ಆ ಗುರುತು ಇಲ್ಲದಿದ್ದರೂ ಹಾಳೆ ಅಸಲಿಯಾಗಿರಬಹುದು, ಏಕೆಂದರೆ ಆಲ್ಬಮ್‌ಗೆ ಅಂಟಿಸುವವರು ಅಂಚು ಕತ್ತರಿಸುತ್ತಿದ್ದರು. ಇತ್ತ, ಆಧುನಿಕ ಪ್ರತಿಗೆ ಖಾಲಿ ತಗಡು ಒತ್ತಿ ಗುರುತು ಮೂಡಿಸುವುದು ಸುಲಭ. ಮಸಿ, ಗೆರೆ, ಕಾಗದ ಮೂರೂ ಒಂದೇ ಮಾತು ಹೇಳಿದಾಗ ಮಾತ್ರ ಅಂಚಿನ ಸಾಕ್ಷಿಗೆ ತೂಕ.

ಇನ್ನು ತಾಮ್ರ ಮೆತ್ತಗಿನ ಲೋಹ. ಅಚ್ಚು ಹಾಕಿದಷ್ಟೂ ಕೆನ್ನೆಯ, ಟೋಪಿಯಡಿಯ ನೆರಳಿನ ನವಿರು ಗೆರೆಗಳು ಮೊದಲು ಸವೆಯುತ್ತವೆ. ಅಸಲಿ ತಗಡಿನದೇ ಆದರೂ ಮಾಸಲು ಬೂದು ಬಣ್ಣದ ಪ್ರತಿಗೆ ಕಪ್ಪು ಗಾಢವಾಗಿರುವ ಪ್ರತಿಯ ಬೆಲೆ ಕೊಡಬೇಡಿ.