ಓದುಗರ ಪ್ರಶ್ನೆ: ‘ನಮ್ಮ ಹತ್ತಿರದ ಕಡಲಿನ ಮೀನೇ ಬೇಕು’ ಎಂದು ಅಮೆರಿಕದ ಶಾಲೆ ಟೆಂಡರ್‌ನಲ್ಲಿ ಬರೆಯಬಹುದೇ?

ಬರೆಯಬಹುದು. ಆದರೆ 2024ರ ಜುಲೈ 1ಕ್ಕೆ ಮುಂಚೆ ಬರೆಯುವಂತಿರಲಿಲ್ಲ.

ಅಲ್ಲಿ ಶಾಲಾ ಊಟಕ್ಕೆ ಕೇಂದ್ರದ ಕೃಷಿ ಇಲಾಖೆ ಹಣ ಕೊಡುತ್ತದೆ. ಹಣದ ಬೆನ್ನಿಗೇ ಖರೀದಿಯ ನಿಯಮಗಳೂ ಬರುತ್ತವೆ. ಸ್ಥಳೀಯ ಆಹಾರಕ್ಕೆ ಆದ್ಯತೆ ಕೊಡಲು 2008ರ ಕೃಷಿ ಕಾಯ್ದೆಯೇ ದಾರಿ ಮಾಡಿತ್ತು. ಆದರೆ ಬಿಡ್‌ಗಳನ್ನು ತೂಗುವಾಗ ಹತ್ತಿರದ ಮೀನಿಗೆ ಒಂದಷ್ಟು ಅಂಕ ಜಾಸ್ತಿ ಹಾಕಬಹುದಿತ್ತು, ಅಷ್ಟೇ. ದೂರದ ದೊಡ್ಡ ಕಂಪನಿ ಬೆಲೆ ಚೆನ್ನಾಗಿ ಇಳಿಸಿದರೆ ಆ ಅಂಕ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಈಗ ‘ಸ್ಥಳೀಯವಾಗಿ ಹಿಡಿದದ್ದು’ ಎಂಬುದನ್ನೇ ಷರತ್ತಾಗಿ ಇಡಬಹುದು. ಸಣ್ಣ ದೋಣಿಯವರಿಗೆ ಇದು ನಿಜಕ್ಕೂ ದೊಡ್ಡ ಬದಲಾವಣೆ.

‘ಸ್ಥಳೀಯ’ ಅಂದರೆ ಎಷ್ಟು ದೂರ? ಅದನ್ನು ಖರೀದಿಸುವವರೇ ತೀರ್ಮಾನಿಸುತ್ತಾರೆ. ಒಂದು ಜಿಲ್ಲೆಯಾಗಬಹುದು, ಇಡೀ ರಾಜ್ಯವೂ ಆಗಬಹುದು. ಒಬ್ಬನೇ ಮಾರಾಟಗಾರ ಉಳಿಯುವಷ್ಟು ಚಿಕ್ಕ ಗೆರೆ ಎಳೆದರೆ ಮಾತ್ರ ತೊಂದರೆ, ಏಕೆಂದರೆ ಪೈಪೋಟಿ ಇರಲೇಬೇಕು.

ಇನ್ನೊಂದು ಮಿತಿಯನ್ನು ಹಲವರು ಗಮನಿಸುವುದಿಲ್ಲ. ಈ ಆದ್ಯತೆ ಹೆಚ್ಚು ಸಂಸ್ಕರಿಸದ ಆಹಾರಕ್ಕಷ್ಟೇ. ಮೀನನ್ನು ಶುಚಿಮಾಡಿ, ಕತ್ತರಿಸಿ, ಫ್ರೀಜ್ ಮಾಡಿದರೂ ನಡೆಯುತ್ತದೆ. ಬ್ರೆಡ್ ಪುಡಿ ಹಚ್ಚಿ ಬೇಯಿಸಿದ ಫಿಶ್ ಸ್ಟಿಕ್‌ಗೆ ಇದು ಅನ್ವಯಿಸುವುದಿಲ್ಲ. ಮಕ್ಕಳು ಇಷ್ಟಪಡುವುದು ಅದನ್ನೇ ಅಲ್ವಾ! ಹಾಗಾಗಿ ಹಸಿ ಮೀನು ಬೇಯಿಸಬಲ್ಲ ಅಡುಗೆಮನೆ ಇಲ್ಲದ ಶಾಲೆಗೆ ಈ ನಿಯಮದಿಂದ ಹೆಚ್ಚು ಉಪಯೋಗವಿಲ್ಲ. ನನ್ನ ಪ್ರಕಾರ ನಿಜವಾದ ಅಡ್ಡಿ ಇದೇ.

ರಾಜ್ಯಗಳು ಬೇರೆ ದಾರಿಯನ್ನೂ ಹಿಡಿದಿವೆ. ಅಲಾಸ್ಕಾದ ಕಾನೂನಿನಲ್ಲಿ ಬಹುಕಾಲ ಇದ್ದದ್ದು 7%ರ ಲೆಕ್ಕ. ಹೊರಗಿನ ಮೀನಿಗೆ 100 ಡಾಲರ್ ಆದರೆ, ಅದೇ ಗುಣಮಟ್ಟದ ರಾಜ್ಯದ ಮೀನು 107 ಡಾಲರ್‌ವರೆಗೆ ಇದ್ದರೂ ಅದನ್ನೇ ಕೊಳ್ಳಬೇಕಿತ್ತು.

‘ಅಮೆರಿಕದ್ದನ್ನೇ ಕೊಳ್ಳಿ’ ಎಂಬ ನಿಯಮ ಬೇರೆಯೇ ಇದೆ. ಅದರಲ್ಲಿ ದೇಶದ ಕಡಲಿನಲ್ಲಿ ಅಥವಾ ಅಮೆರಿಕದ ಬಾವುಟದ ಹಡಗು ಹಿಡಿದ ಮೀನು ಸ್ವದೇಶಿ. ಅದು ಸ್ಥಳೀಯವೇ ಆಗಿರಬೇಕೆಂದಿಲ್ಲ.

ಹೆಸರು ನೋಡಿ ಮಾತ್ರ ನಂಬಬೇಡಿ. 2016ರ ಆರಂಭದವರೆಗೆ ರಷ್ಯಾದವರು ಹಿಡಿದ ಪೊಲ್ಲಾಕ್ ಮೀನನ್ನೂ ‘ಅಲಾಸ್ಕಾ ಪೊಲ್ಲಾಕ್’ ಎಂದೇ ಅಮೆರಿಕದಲ್ಲಿ ಮಾರಬಹುದಿತ್ತು. ಯಾವ ಕಡಲಲ್ಲಿ ಹಿಡಿದದ್ದು, ಯಾವ ಬಂದರಿನಲ್ಲಿ ಇಳಿಸಿದ್ದು ಎಂಬ ದಾಖಲೆಯನ್ನು ಟೆಂಡರ್‌ನಲ್ಲೇ ಕೇಳಬೇಕು.